ಸುಣ್ಣದ ಚೀಲ ಬಿಚ್ಚುವ ಮೊದಲು

ಎರಡು ತಿಂಗಳ ಹಿಂದೆ ಇದೇ ಅಂಕಣದಲ್ಲಿ "ಮಲೆನಾಡಿನ ತೋಟಗಳ ಅರ್ಧ ಕಾಯಿಲೆ ಮಣ್ಣಿನ ಹುಳಿಯದ್ದು" ಎಂದು ಬರೆದಿದ್ದೆ. ಅರ್ಧ ಎಂದದ್ದು ಕೈ ಜಾರಿ ಬಂದ ಮಾತು. ಅದನ್ನು ಓದಿದ ಮೂವರು ಹುಳಿ ಮುರಿಯಲೆಂದು ಮರುದಿನವೇ ಸುಣ್ಣ ತಂದು ಸುರಿದಿದ್ದಾರಂತೆ. ಹಾಗಾಗಿ ಈ ಸಲ ಹುಳಿ ಮಣ್ಣಿನ ಪತ್ರಗಳನ್ನು ಮಾತ್ರ ಎತ್ತಿಕೊಂಡಿದ್ದೇನೆ. ಮಣ್ಣು ಪರೀಕ್ಷೆಯ ಪ್ರಯೋಗಾಲಯದಲ್ಲಿ ಇಪ್ಪತ್ತಾರು ವರ್ಷ ಬಾಟಲಿ ಅಲ್ಲಾಡಿಸಿದವನು ನಾನು. ಈಗ ಸಾಗರದ ಹತ್ತಿರ ಎರಡೆಕರೆ ತೋಟದಲ್ಲಿ ಅದೇ ಮಣ್ಣಿನ ಕೈಯಲ್ಲಿ ಪಾಠ ಹೇಳಿಸಿಕೊಳ್ಳುತ್ತಿದ್ದೇನೆ.

ಪ್ರಶ್ನೆ: ಹದಿನೆಂಟು ವರ್ಷದ ಅಡಿಕೆ ತೋಟ. ಗೊಬ್ಬರ ಒಂದು ವರ್ಷವೂ ತಪ್ಪಿಸಿಲ್ಲ. ಆದರೂ ನಾಲ್ಕೈದು ವರ್ಷಗಳಿಂದ ಕೊನೆ (ಅಡಿಕೆ ಗೊನೆ) ಸಣ್ಣದಾಗುತ್ತಿದೆ, ಹರಳು (ಎಳೆಗಾಯಿ) ಉದುರುತ್ತಿದೆ. ಮಣ್ಣು ಪರೀಕ್ಷೆಯಲ್ಲಿ ರಸಸಾರ (ಪಿಎಚ್) 4.7 ಎಂದು ಬಂದಿದೆ. ಪ್ರತಿ ವರ್ಷ ರಂಜಕ ಹಾಕಿದರೂ ವರದಿಯಲ್ಲಿ ರಂಜಕ "ಕಡಿಮೆ" ಎಂದಿದೆ. ಇದು ಹೇಗೆ? ಎಷ್ಟು ಸುಣ್ಣ ಹಾಕಲಿ?
— ಹೊಸನಗರ ತಾಲೂಕಿನ ಓದುಗರು

ಉತ್ತರ: ನಿಮ್ಮ ರಂಜಕ ಕಳುವಾಗಿಲ್ಲ, ತೋಟದಲ್ಲೇ ಇದೆ. ಜಂಬಿಟ್ಟಿಗೆ ಮಣ್ಣಿನ ಕೆಂಪು ಕಬ್ಬಿಣದ್ದು. ಮಣ್ಣು ಹುಳಿಯಾದಂತೆ ಆ ಕಬ್ಬಿಣವೂ ಜೊತೆಗಿರುವ ಅಲ್ಯೂಮಿನಿಯಮ್ಮೂ ರಂಜಕವನ್ನು ಹಿಡಿದು ಕಲ್ಲು ಮಾಡಿಬಿಡುತ್ತವೆ. ನೀವು ಹಾಕಿದ್ದು ಮಣ್ಣಿಗೆ ಸೇರಿದೆ, ಬೇರಿಗೆ ಸೇರಿಲ್ಲ. ವರದಿಯ "ಕಡಿಮೆ" ಎಂಬ ಮಾತು ಬೇರಿಗೆ ಸಿಗುವ ಪಾಲಿನ ಬಗ್ಗೆ.

ಈಗ 4.7ರ ಲೆಕ್ಕ. ರಸಸಾರದ ಅಂಕಿ ಒಂದೊಂದು ಇಳಿದಾಗಲೂ ಹುಳಿ ಹತ್ತು ಪಟ್ಟು ಏರುತ್ತದೆ. 5.7 ಇರುವ ಪಕ್ಕದ ತೋಟಕ್ಕಿಂತ ನಿಮ್ಮದು ಹತ್ತು ಪಟ್ಟು ಹುಳಿ, 6.7ರ ಮಣ್ಣಿಗಿಂತ ನೂರು ಪಟ್ಟು. "ಬರೀ ಒಂದು ಪಾಯಿಂಟ್ ಕಡಿಮೆ ಅಲ್ವಾ ಸಾರ್" ಎಂದು ಪ್ರಯೋಗಾಲಯದ ಕಿಟಕಿಯಾಚೆ ನಿಂತು ಕೇಳಿದವರಿಗೆ ಲೆಕ್ಕವೇ ಇಲ್ಲ.

5.5ಕ್ಕಿಂತ ಕೆಳಗೆ ಇಳಿದಾಗ ಇನ್ನೊಂದು ಕಾಟ ಶುರು. ಜೇಡಿಯ ಕಣದೊಳಗೆ ಸುಮ್ಮನೆ ಕೂತಿದ್ದ ಅಲ್ಯೂಮಿನಿಯಂ ಕರಗಿ ಮಣ್ಣಿನ ನೀರಿಗೆ ಇಳಿಯುತ್ತದೆ. 5ರ ಕೆಳಗೆ ಅದರ ಆಟ ಜೋರು. ಅದು ಮೊದಲು ಸುಡುವುದು ಬೇರಿನ ತುದಿಯನ್ನು. ಇದನ್ನು ಕಣ್ಣಾರೆ ನೋಡಬಹುದು. ಮಳೆಗಾಲ ಮುಗಿದ ಮೇಲೆ ಒಂದು ಮರದ ಬುಡದಿಂದ ಎರಡಡಿ ದೂರದಲ್ಲಿ ಮೊಳದಷ್ಟು ಅಗೆಯಿರಿ. ದಪ್ಪ ಬೇರನ್ನು ಬಿಡಿ, ಅದರಿಂದ ಕವಲೊಡೆದ ಸಣ್ಣ ಬೇರನ್ನು ಮಣ್ಣುಸಹಿತ ಎತ್ತಿ ಬಕೆಟ್ ನೀರಿನಲ್ಲಿ ಅದ್ದಿ ತೊಳೆಯಿರಿ, ಎಳೆಯಬೇಡಿ. ಆರೋಗ್ಯದ ಬೇರಿಗೆ ಬಿಳಿ ತುದಿ, ಪಕ್ಕದಲ್ಲಿ ಕೂದಲಿನಂಥ ಕವಲು. ಹುಳಿ ತಿಂದ ಬೇರು ಮೊಂಡಾಗಿ, ಕಂದಾಗಿ, ಸವೆದ ಹಿಡಿಸೂಡಿಯ ಕಡ್ಡಿಯಂತೆ ಕಾಣುತ್ತದೆ. ಅಂಥ ಬೇರು ಹೊತ್ತ ಮರಕ್ಕೆ ಜನವರಿಯಲ್ಲಿ ನೀರು ಕೊಟ್ಟರೂ ಬಾಯಾರಿಕೆ, ಸೆಪ್ಟೆಂಬರಿನಲ್ಲಿ ಗೊಬ್ಬರ ಕೊಟ್ಟರೂ ಹಸಿವು.

ಮಣ್ಣು ಹೀಗಾದದ್ದು ನಿಮ್ಮೊಬ್ಬರ ತಪ್ಪಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿನ ಮೇಲೆ ಮಳೆ. ಆ ಸೀಮೆಯ ನೀರೆಲ್ಲ ಸಾವಿರಾರು ವರ್ಷಗಳಿಂದ ಸುಣ್ಣ, ಮೆಗ್ನೀಸಿಯಂ, ಪೊಟ್ಯಾಷ್ ತೊಳೆದು ಹೊಳೆಗೆ ಒಯ್ಯುತ್ತಲೇ ಇದೆ. ಉಳಿದದ್ದು ಹುಳಿ. ನಮ್ಮ ಹಿರಿಯರು ಬೆಟ್ಟದ ಸೊಪ್ಪು, ಕೊಟ್ಟಿಗೆ ಗೊಬ್ಬರ, ಒಲೆಯ ಬೂದಿ ಹೊತ್ತು ಹಾಕಿ ಒಂದಿಷ್ಟನ್ನು ವಾಪಸು ತರುತ್ತಿದ್ದರು. ನಾವು ಆ ಹೊರೆ ಇಳಿಸಿ ಯೂರಿಯಾ ಚೀಲ ಎತ್ತಿಕೊಂಡೆವು.

ಯೂರಿಯಾವನ್ನು ಬೈಯುತ್ತಿಲ್ಲ, ಲೆಕ್ಕ ಹೇಳುತ್ತಿದ್ದೇನೆ. ಅಡಿಕೆಗೆ ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಎಂಬುದು ಶಿಫಾರಸು. ಎಕರೆಗೆ 550 ಮರ ಹಿಡಿಯೋಣ. ಸಾರಜನಕವನ್ನೆಲ್ಲ ಯೂರಿಯಾದಲ್ಲೇ ಕೊಟ್ಟರೆ ಎಕರೆಗೆ ಸುಮಾರು 120 ಕೆಜಿ ಬೇಕು. ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ನೈಟ್ರೇಟ್ ಮಾಡುವಾಗ ಹುಳಿ ಬಿಡುಗಡೆಯಾಗುತ್ತದೆ. ಪುಸ್ತಕದ ಲೆಕ್ಕದಲ್ಲಿ 100 ಕೆಜಿ ಯೂರಿಯಾದ ಹುಳಿ ಕಳೆಯಲು ಸುಮಾರು 80 ಕೆಜಿ ಸುಣ್ಣದ ಕಲ್ಲಿನ ಪುಡಿ ಬೇಕು. ಅಂದರೆ ನಿಮ್ಮ ಎಕರೆಯ ಯೂರಿಯಾ ವರ್ಷಕ್ಕೆ ಹೆಚ್ಚುಕಡಿಮೆ ಒಂದು ಕ್ವಿಂಟಲ್ ಸುಣ್ಣ ತಿನ್ನುತ್ತದೆ. ಅದೇ ಸಾರಜನಕವನ್ನು ಅಮೋನಿಯಂ ಸಲ್ಫೇಟಿನಲ್ಲಿ ಕೊಟ್ಟರೆ ತಿನ್ನುವುದು ಸುಮಾರು ಮೂರು ಕ್ವಿಂಟಲ್!

ಅಡಿಕೆಗೆ ಸಾಮಾನ್ಯವಾಗಿ ಹೇಳುವುದು ಎರಡು ಮೂರು ವರ್ಷಕ್ಕೊಮ್ಮೆ ಮರಕ್ಕೆ ಅರ್ಧ ಕೆಜಿ ಸುಣ್ಣ. ಎಕರೆಗೆ 275 ಕೆಜಿ ಆಯಿತು. ಮೇಲಿನ ಲೆಕ್ಕದ ಪಕ್ಕ ಇಟ್ಟು ನೋಡಿ: ಅದು ಮೂರು ವರ್ಷದ ಯೂರಿಯಾದ ಸಾಲ ತೀರಿಸುವಷ್ಟೇ. ಹದಿನೆಂಟು ವರ್ಷದ ಹಳೆ ಬಾಕಿಗೆ ಅದರಲ್ಲಿ ಏನೂ ಉಳಿಯುವುದಿಲ್ಲ. ಆದ್ದರಿಂದ ನಿಮಗೆ ನನ್ನ ಸಲಹೆ ಹೀಗೆ. ಈ ಮಾರ್ಚ್-ಏಪ್ರಿಲ್‌ನಲ್ಲಿ ಮೊದಲ ಮಳೆ ಬಿದ್ದು ಮಣ್ಣು ಹಸಿಯಾದಾಗ ಮರಕ್ಕೆ ಅರ್ಧ ಕೆಜಿ, ಮುಂದಿನ ವರ್ಷ ಮತ್ತೆ ಅರ್ಧ ಕೆಜಿ, ಮೂರನೆಯ ವರ್ಷ ಮಣ್ಣು ಪರೀಕ್ಷೆ. ಬುಡಕ್ಕೆ ರಾಶಿ ಹಾಕದೆ ಸುತ್ತ ಎರಡೂವರೆ ಅಡಿಯವರೆಗೆ ಬೀರಿ, ಗುದ್ದಲಿಯಿಂದ ಮೇಲ್ಮಣ್ಣಿಗೆ ಹದವಾಗಿ ಕಲಸಿ. ಸುಣ್ಣ ತಾನಾಗಿ ನಡೆಯುವುದಿಲ್ಲ. ಮೇಲೆ ಚೆಲ್ಲಿ ಬಿಟ್ಟರೆ ಮೇಲೇ ಕೂತಿರುತ್ತದೆ.

ಮುಂದಿನ ಸಲ ಮಣ್ಣು ಕೊಡುವಾಗ "ಸುಣ್ಣದ ಅಗತ್ಯ" ಎಂಬ ಪರೀಕ್ಷೆಯನ್ನೂ ಕೇಳಿ ಮಾಡಿಸಿ. ರಸಸಾರ ಒಂದೇ ಇದ್ದರೂ ಮರಳು ಮಣ್ಣಿಗೆ ಸ್ವಲ್ಪ ಸುಣ್ಣ ಸಾಕು, ಜೇಡಿ ಮಣ್ಣು ಅದರ ಎರಡು ಮೂರು ಪಟ್ಟು ನುಂಗಿಯೂ ಅಲ್ಲಾಡದೆ ಇರಬಹುದು. ಇನ್ನೊಂದು ಮಾತು. ನೀವು ಶಿಲಾರಂಜಕ (ರಾಕ್ ಫಾಸ್ಫೇಟ್) ಹಾಕುವವರಾದರೆ ಅದನ್ನು ಸುಣ್ಣದ ಜೊತೆ ಹಾಕಬೇಡಿ. ಅದು ಕರಗುವುದೇ ಹುಳಿಯಿಂದ.

ಒಂದೇ ವರ್ಷಕ್ಕೆ ಕೊನೆ ದಪ್ಪವಾಗುತ್ತದೆಂದು ಕಾಯಬೇಡಿ. ಇಂದು ಚಿಗುರಿದ ಬೇರಿನ ಫಲ ಸಿಂಗಾರದಲ್ಲಿ (ಅಡಿಕೆಯ ಹೂಗೊಂಚಲಿನಲ್ಲಿ) ಕಾಣಲು ಎರಡು ವರ್ಷವಾದರೂ ಬೇಕು.

ಪ್ರಶ್ನೆ: ಪ್ರಯೋಗಾಲಯ ದೂರ. ಮನೆಯಲ್ಲೇ ಹುಳಿ ನೋಡುವ ಉಪಾಯ ಇದೆಯೇ? ಸೋಡಾಪುಡಿ ಹಾಕಿ ನೊರೆ ಬಂದರೆ ಹುಳಿ ಎಂದು ವಿಡಿಯೋದಲ್ಲಿ ನೋಡಿದೆ.
— ಶಿರಸಿಯ ಓದುಗರು

ಉತ್ತರ: ಸೋಡಾಪುಡಿಯನ್ನು ಬಜ್ಜಿಗೆ ಇಟ್ಟುಕೊಳ್ಳಿ. ನಮ್ಮ ಮಣ್ಣಿನ ಹುಳಿ ಅಷ್ಟು ಸುಲಭವಾಗಿ ನೊರೆ ಕೊಡುವುದಿಲ್ಲ. ನೊರೆ ಬರಲಿಲ್ಲವೆಂದು ನೀವು ನಿಶ್ಚಿಂತರಾಗಿಬಿಡುತ್ತೀರಿ.

ಅಡಿಕೆಯವರಿಗೆ ಹುಳಿ ಪರೀಕ್ಷೆ ಹೊಸತಲ್ಲ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಮಾಡುವಾಗ ನಿಮ್ಮ ಅಜ್ಜ ಏನು ಮಾಡುತ್ತಿದ್ದರು? ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಬೆರೆಸಿ ಆದಮೇಲೆ ಹೊಳೆಯುವ ಕತ್ತಿಯನ್ನು ಒಂದು ನಿಮಿಷ ಅದ್ದಿ ಎತ್ತುತ್ತಿದ್ದರು. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ದ್ರಾವಣ ಇನ್ನೂ ಹುಳಿ, ಸುಣ್ಣ ಸಾಲದು, ಎಲೆ ಸುಡುತ್ತದೆ ಎಂದು ಅರ್ಥ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಕೊಳೆರೋಗಕ್ಕೆ ಬೋರ್ಡೋ ಹೊಡೆಸಿ ನೂರು ವರ್ಷದ ಮೇಲಾಯಿತು. ಅಂದಿನಿಂದ ನಾವು ಕೊನೆಗೆ ಹೊಡೆಯುವ ನೀರಿನ ಹುಳಿಯನ್ನು ತಪ್ಪದೆ ನೋಡುತ್ತೇವೆ, ಬುಡದ ಮಣ್ಣಿನದನ್ನು ನೋಡುವುದಿಲ್ಲ. ಹಾಗಂತ ಕತ್ತಿಯನ್ನು ಮಣ್ಣಿಗೆ ಚುಚ್ಚಬೇಡಿ, ಅಲ್ಲಿ ಆ ಉಪಾಯ ನಡೆಯದು.

ಬಣ್ಣದ ಪಿಎಚ್ ಕಾಗದ ಅಂದಾಜಿಗೆ ಸಾಕು. ಒಂದು ಪಾಲು ಒಣ ಮಣ್ಣಿಗೆ ಎರಡೂವರೆ ಪಾಲು ಮಳೆನೀರು ಅಥವಾ ಬ್ಯಾಟರಿಗೆ ಹಾಕುವ ಶುದ್ಧ ನೀರು ಸೇರಿಸಿ ಅರ್ಧ ಗಂಟೆ ಆಗಾಗ ಕಲಕಿ, ತಿಳಿ ನೀರಿನಲ್ಲಿ ಅದ್ದಿ. ಬೋರ್‌ವೆಲ್ ನೀರಿನಲ್ಲಿ ಮಾಡಿದರೆ ಬೋರ್‌ವೆಲ್ಲಿನ ರಸಸಾರ ಗೊತ್ತಾಗುತ್ತದೆ.

ನನಗೆ ಹೆಚ್ಚು ಇಷ್ಟ ಎರಡು ಕುಂಡದ ಪರೀಕ್ಷೆ. ತೋಟದ ಮಣ್ಣು ಎರಡು ಕುಂಡಕ್ಕೆ ತುಂಬಿ. ಒಂದಕ್ಕೆ ಕೆಜಿ ಮಣ್ಣಿಗೆ ಅರ್ಧ ಚಮಚ ಕೃಷಿ ಸುಣ್ಣ ಕಲಸಿ, ಇನ್ನೊಂದನ್ನು ಹಾಗೇ ಬಿಡಿ. ಒಂದು ವಾರ ಹಸಿಯಾಗಿಟ್ಟು ಎರಡಕ್ಕೂ ಹೆಸರುಕಾಳು ಬಿತ್ತಿ. ಮೂರು ವಾರಕ್ಕೆ ಕಿತ್ತು ಬೇರು ತೊಳೆದು ಪಕ್ಕಪಕ್ಕ ಇಡಿ. ಬೇರಿನ ಉದ್ದ, ಗಂಟು, ಕವಲು ಎಲ್ಲ ಮಕ್ಕಳಿಗೂ ಕಾಣುತ್ತದೆ. ಎರಡೂ ಒಂದೇ ರೀತಿ ಇದ್ದರೆ ಸುಣ್ಣದ ದುಡ್ಡು ಉಳಿಯಿತು.

ಆದರೂ ನಾಲ್ಕು ವರ್ಷಕ್ಕೊಮ್ಮೆ ಪ್ರಯೋಗಾಲಯಕ್ಕೆ ಕೊಡಿ. ಎಕರೆಗೆ ಎಂಟು ಹತ್ತು ಕಡೆ ಮೇಲಿನ ಕಸ ಸರಿಸಿ, ಗೇಣುದ್ದ ಆಳದ ಗುಂಡಿ ತೆಗೆದು, ಬದಿಯಿಂದ ಮೇಲಿಂದ ಕೆಳಗೆ ಒಂದೇ ಸಮ ಕೆರೆದ ಮಣ್ಣು ಕಲಸಿ, ನೆರಳಲ್ಲಿ ಒಣಗಿಸಿ ಅರ್ಧ ಕೆಜಿ ಸಾಕು. ಗೊಬ್ಬರ ಹಾಕಿ ತಿಂಗಳಾಗದೆ ತೆಗೆಯಬೇಡಿ. ಗೊಬ್ಬರದ ಖಾಲಿ ಚೀಲದಲ್ಲಂತೂ ತರಲೇಬೇಡಿ. ನಾನು ಕೆಲಸದಲ್ಲಿದ್ದಾಗ ಒಬ್ಬರ ಗದ್ದೆಯ ಪೊಟ್ಯಾಷ್ ನಂಬಲಾಗದಷ್ಟು ಬಂದಿತ್ತು. ಮೂರು ಸಲ ಪರೀಕ್ಷೆ ಮಾಡಿ ಸೋತಮೇಲೆ ಯಾರೋ ಚೀಲ ತಿರುಗಿಸಿ ನೋಡಿದರು.

ಪ್ರಶ್ನೆ: ಶುಂಠಿ ನಾಟಿಗೆ ಮುಂಚೆ ಸುಣ್ಣ, ಡಿಎಪಿ, ಯೂರಿಯಾ ಒಟ್ಟಿಗೆ ಕಲಸಿ ಹಾಕಿದರೆ ಒಂದು ಆಳು ಉಳಿಯುತ್ತದೆ. ತೊಂದರೆಯೇ?
— ಸೊರಬದ ಓದುಗರು

ಉತ್ತರ: ಆಳು ಉಳಿಯುತ್ತದೆ, ಗೊಬ್ಬರ ಹಾರಿಹೋಗುತ್ತದೆ. ಸುಣ್ಣ ತಾಗಿದಾಗ ಡಿಎಪಿಯ ಅಮೋನಿಯಾ ಗಾಳಿಗೆ ಏಳುತ್ತದೆ. ಮೂಗಿಗೆ ಮೂತ್ರದ ಕೋಣೆಯ ಘಾಟು ಬಂದರೆ ಅದು ನಿಮ್ಮ ದುಡ್ಡಿನ ವಾಸನೆ. ರಂಜಕವೂ ಸುಣ್ಣದ ಜೊತೆ ಗಟ್ಟಿಯಾಗುತ್ತದೆ. ಸುಣ್ಣ ಮೊದಲು, ಗೊಬ್ಬರ ಮೂರು ನಾಲ್ಕು ವಾರ ಬಿಟ್ಟು.

"ಸುಣ್ಣ ಹಾಕಿದರೆ ಕೊಳೆ ಬರುವುದಿಲ್ಲ" ಎಂದೂ ನೀವು ಬರೆದಿದ್ದೀರಿ. ನೀರು ನಿಲ್ಲುವ ಮಡಿಯಲ್ಲಿ, ರೋಗದ ಬೀಜಗೆಡ್ಡೆ ಊರಿದಲ್ಲಿ ಸುಣ್ಣ ಏನೂ ಮಾಡದು. ಮೊದಲು ಬಸಿಗಾಲುವೆ.

ಹೆಚ್ಚು ಹಾಕಿದರೆ ಏನಾಗುತ್ತದೆ ಎಂಬುದನ್ನು ನಾನು ಸ್ವಂತ ಖರ್ಚಿನಲ್ಲಿ ಕಲಿತಿದ್ದೇನೆ. ನಿವೃತ್ತನಾದ ಮೊದಲ ವರ್ಷ ಅಡಿಕೆ ಸಸಿಯ ಪಾತಿಗೆ ಸುಟ್ಟ ಸುಣ್ಣ ಅರಳಿಸಿ ಧಾರಾಳವಾಗಿ ಬೆರೆಸಿದೆ. ಊರಿಗೆಲ್ಲ ಲೆಕ್ಕ ಹೇಳಿದವನು ಮನೆಯಲ್ಲಿ ತಕ್ಕಡಿ ಹಿಡಿಯಲಿಲ್ಲ. ಸುಟ್ಟ ಸುಣ್ಣದ ಶಕ್ತಿ ಕಲ್ಲಿನ ಪುಡಿಯ ಒಂದೂಮುಕ್ಕಾಲು ಪಟ್ಟು, ಅರಳಿಸಿದ ಮೇಲೂ ಒಂದೂಕಾಲು ಪಟ್ಟಿಗಿಂತ ಮೇಲೆ. ಎರಡು ತಿಂಗಳಿಗೆ ಸಸಿಯ ಎಳೆ ಗರಿ ಬಿಳಿಚಿಕೊಂಡಿತು, ನರ ಮಾತ್ರ ಹಸಿರು. ಕಬ್ಬಿಣ, ಸತು ಎರಡೂ ಮಣ್ಣಲ್ಲಿದ್ದು ಸಿಗದ ಸ್ಥಿತಿ. ಹುಳಿಯಲ್ಲಿ ರಂಜಕ ಅಡಗಿದ ಹಾಗೆಯೇ ಸುಣ್ಣದಲ್ಲಿ ಇವು ಅಡಗುತ್ತವೆ. ಇನ್ನೂರು ಸಸಿಯಲ್ಲಿ ನೆಡಲು ಬಂದದ್ದು ಅರವತ್ತು.

ಪ್ರಶ್ನೆ: ಕಾಫಿ ತೋಟಕ್ಕೆ ಅಂಗಡಿಯವರು ಜಿಪ್ಸಂ ಕೊಟ್ಟು "ಇದೂ ಸುಣ್ಣವೇ, ಅಗ್ಗ" ಎಂದರು. ಹಾಕಬಹುದೇ?
— ಚಿಕ್ಕಮಗಳೂರಿನ ಓದುಗರು

ಉತ್ತರ: ಹಾಕಬಹುದು, ಹುಳಿ ಮಾತ್ರ ಇಳಿಯುವುದಿಲ್ಲ. ಜಿಪ್ಸಂನಲ್ಲಿ ಕ್ಯಾಲ್ಸಿಯಂ ಇದೆ ನಿಜ. ಆದರೆ ಹುಳಿ ಮುರಿಯುವುದು ಕ್ಯಾಲ್ಸಿಯಂ ಅಲ್ಲ, ಅದರ ಜೊತೆಗಾರ ಕಾರ್ಬೊನೇಟ್. ಜಿಪ್ಸಂನಲ್ಲಿ ಆ ಜಾಗದಲ್ಲಿ ಸಲ್ಫೇಟ್ ಇದೆ. ತುಂಗಭದ್ರಾ, ಕೃಷ್ಣಾ ಅಚ್ಚುಕಟ್ಟಿನ ಚೌಳು ಭೂಮಿಗೆ ಅದು ಮದ್ದು. ನಿಮ್ಮಲ್ಲಿ ಆಳದ ಮಣ್ಣಿಗೆ ಕ್ಯಾಲ್ಸಿಯಂ ಇಳಿಸಿ ಅಲ್ಯೂಮಿನಿಯಂ ಕಾಟವನ್ನು ತುಸು ತಗ್ಗಿಸಬಹುದು. ಆದರೆ ಸುಣ್ಣದ ಬದಲು ಅಲ್ಲ, ಸುಣ್ಣದ ಮೇಲೆ.

ವರದಿಯಲ್ಲಿ ಮೆಗ್ನೀಸಿಯಂ ಕಡಿಮೆ ಇದ್ದರೆ ಡೋಲೊಮೈಟ್, ಅಂದರೆ ಮೆಗ್ನೀಸಿಯಂ ಕೂಡಿದ ಸುಣ್ಣದ ಕಲ್ಲಿನ ಪುಡಿ, ಕೊಳ್ಳಿ. ಚೀಲ ಬಿಚ್ಚಿಸಿ ಒಂದು ಚಿಟಿಕೆಯನ್ನು ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ. ಮೈದಾದ ಹಾಗಿದ್ದರೆ ಈ ವರ್ಷ ಕೆಲಸ ಮಾಡುತ್ತದೆ. ರವೆಯ ಹಾಗಿದ್ದರೆ ನಿಮ್ಮ ಮಗನ ಕಾಲಕ್ಕೆ. ಕಾಫಿಗೆ ಮಳೆಗಾಲ ಮುಗಿದ ಮೇಲೆ, ನೆಲದಲ್ಲಿ ಪಸೆ ಇರುವಾಗ ಹಾಕುವುದು ಅನುಕೂಲ.

ಪ್ರಶ್ನೆ: ನಮ್ಮ ಕಡೆ ಹಳದಿ ಎಲೆ ರೋಗ ವ್ಯಾಪಿಸುತ್ತಿದೆ. ಸುಣ್ಣ ಹಾಕಿದ ತೋಟಕ್ಕೆ ಬರುವುದಿಲ್ಲ ಎನ್ನುತ್ತಾರೆ. ಫೋಟೋ ಕಳಿಸಿದ್ದೇನೆ.
— ಶೃಂಗೇರಿ ತಾಲೂಕಿನ ಓದುಗರು

ಉತ್ತರ: ಹಾಗೆ ಹೇಳಿದವರು ಸುಣ್ಣ ಮಾರುವವರೋ ಎಂದು ವಿಚಾರಿಸಿ. ಹಳದಿ ಎಲೆ ರೋಗಕ್ಕೆ ಕಾರಣ ಫೈಟೊಪ್ಲಾಸ್ಮ ಎಂಬ ಸೂಕ್ಷ್ಮಜೀವಿ. ಹರಡುವುದು ಒಂದು ಜಿಗಿಹುಳು. ಸುಣ್ಣ ಅದನ್ನು ಕೊಲ್ಲುವುದಿಲ್ಲ. ಮರಕ್ಕೆ ಹೊಟ್ಟೆ ತುಂಬ ಊಟ ಸಿಕ್ಕರೆ ನಾಲ್ಕು ಕಾಲ ಹೆಚ್ಚು ತಾಳೀತು, ಅಷ್ಟೆ. ಮೆಗ್ನೀಸಿಯಂ ಕೊರತೆಯಲ್ಲೂ ಕೆಳಗಿನ ಗರಿ ಹಳದಿಯಾಗುತ್ತದೆ. ಅದಕ್ಕೆ ಡೋಲೊಮೈಟ್ ಹಾಕಿದಾಗ ಹಸಿರಾಗುತ್ತದೆ. ಅದನ್ನು ಕಂಡವರು "ರೋಗ ಹೋಯಿತು" ಎಂದು ಸುದ್ದಿ ಮಾಡುತ್ತಾರೆ. ಫೋಟೋ ನೋಡಿ ಎರಡನ್ನೂ ಬೇರೆ ಮಾಡಿ ಹೇಳುವ ಧೈರ್ಯ ನನಗಿಲ್ಲ. ಅಡಿಕೆ ಒಡೆದು ನೋಡಿ. ರೋಗದ ಮರದಲ್ಲಿ ಒಳಗಿನ ಬೆಟ್ಟೆ ಮೆತ್ತಗಾಗಿ ಬಣ್ಣಗೆಟ್ಟಿರುತ್ತದೆ. ಹಾಗಿದ್ದರೆ ತಜ್ಞರನ್ನು ತೋಟಕ್ಕೇ ಕರೆಸಿ.

ಪ್ರಶ್ನೆ: ಬೈಲು ಗದ್ದೆಯ ರಸಸಾರ 5. ನೀರಿನ ಮೇಲೆ ಎಣ್ಣೆಯಂಥ ಕೆನೆ, ಭತ್ತದ ಎಲೆಯಲ್ಲಿ ಕಂದು ಚುಕ್ಕೆ. ಸುಣ್ಣ ಬೇಕೆ?
— ತೀರ್ಥಹಳ್ಳಿಯ ಓದುಗರು

ಉತ್ತರ: ಆ ಕೆನೆಗೆ ಕಡ್ಡಿ ಹಾಕಿ ಗೀರಿ. ಎಣ್ಣೆಯಾದರೆ ಮತ್ತೆ ಕೂಡಿಕೊಳ್ಳುತ್ತದೆ. ಗಾಜಿನ ಹಾಗೆ ಚೂರುಚೂರಾಗಿ ದೂರ ಸರಿದರೆ ಕಬ್ಬಿಣ. ನಿಮ್ಮದು ಕಬ್ಬಿಣವೇ ಇರಬೇಕು, ಗುಡ್ಡದಿಂದ ಬಸಿದು ಬೈಲಿಗೆ ಇಳಿದದ್ದು.

ಭತ್ತದ ವಿಚಾರವೇ ಬೇರೆ. 5 ಎಂಬುದು ಒಣ ಮಣ್ಣಿನ ಅಂಕಿ. ನೀರು ಕಟ್ಟಿ ಮೂರು ನಾಲ್ಕು ವಾರ ಆದಾಗ ಹುಳಿ ಮಣ್ಣಿನ ರಸಸಾರ ತಾನೇ ಮೇಲೇರಿ ಆರೂವರೆಯ ಹತ್ತಿರ ಬರುತ್ತದೆ. ಗಾಳಿಯಿಲ್ಲದ ಕೆಸರಿನಲ್ಲಿ ನಡೆಯುವ ರಸಾಯನದ ಆಟ ಅದು. ಹಾಗಾಗಿ ಅಲ್ಯೂಮಿನಿಯಂ ಕಾಟ ಅಲ್ಲಿ ಕಡಿಮೆ. ಆದರೆ ಅದೇ ಆಟದಲ್ಲಿ ಕಬ್ಬಿಣ ಕರಗಿ ಎಲೆಗೆ ಏರಿ ಚುಕ್ಕೆ ಹಾಕುತ್ತದೆ. ನಿಮಗೆ ಮೊದಲು ಬೇಕಾದದ್ದು ಗುಡ್ಡದ ಬುಡದಲ್ಲಿ ಬಸಿಗಾಲುವೆ, ತೆನೆ ಕಟ್ಟುವ ಮುಂಚೆ ಒಂದೆರಡು ಸಲ ನೀರು ಬಸಿದು ಗದ್ದೆಗೆ ಗಾಳಿ ಕೊಡುವುದು, ಪೊಟ್ಯಾಷ್ ತಪ್ಪಿಸದಿರುವುದು. ಇವಾದ ಮೇಲೆ ಸುಣ್ಣದ ಮಾತು.

ಪ್ರಶ್ನೆ: ಅನಾನಸ್ ಹಾಕುತ್ತಿದ್ದೇನೆ. ರಸಸಾರ 5.1. ಸುಣ್ಣ ಎಷ್ಟು?
— ಬನವಾಸಿಯ ಓದುಗರು

ಉತ್ತರ: ಒಂದು ಹಿಡಿಯೂ ಬೇಡ. ಅನಾನಸ್ಸಿಗೆ ಅದೇ ಹಿತ.

ಪ್ರಶ್ನೆ: ಸಾವಯವ ತೋಟ, ಜೀವಾಮೃತ ಮಾತ್ರ ಕೊಡುತ್ತೇನೆ. ಅದರಿಂದಲೇ ಹುಳಿ ಹೋಗುತ್ತದಲ್ಲವೇ?
— ಸಿದ್ದಾಪುರದ ಓದುಗರು

ಉತ್ತರ: ಹೋಗುವುದಿಲ್ಲ. ಸಗಣಿ, ಗಂಜಲ ಕೊಳೆಸಿದ ಇನ್ನೂರು ಲೀಟರ್ ಜೀವಾಮೃತದಲ್ಲಿ ಹುಳಿ ಮುರಿಯುವ ವಸ್ತು ಇರುವುದೇ ಸ್ವಲ್ಪ. ಆದರೆ ಸೊಪ್ಪು, ದರಕು, ಕಾಂಪೋಸ್ಟ್ ದಂಡಿಯಾಗಿ ಹಾಕುವವರ ತೋಟದಲ್ಲಿ ನಾನು ಒಂದು ಸಂಗತಿ ನೋಡಿದ್ದೇನೆ: ರಸಸಾರ 5.2 ಇದ್ದರೂ ಬೇರು ಬೆಳ್ಳಗಿರುತ್ತದೆ. ಕೊಳೆತ ಸೊಪ್ಪಿನ ಸಾರ ಅಲ್ಯೂಮಿನಿಯಮ್ಮನ್ನು ಕಟ್ಟಿಹಾಕುತ್ತದೆ. ಹುಳಿ ಇದ್ದೂ ವಿಷ ಕಡಿಮೆ.

ನಿಮ್ಮ ಬಳಿ ಇನ್ನೊಂದು ಸೊತ್ತಿದೆ, ಅಡಿಕೆ ಬೇಯಿಸುವ ಒಲೆಯ ಬೂದಿ. ಸುಣ್ಣದ ಅರ್ಧದಷ್ಟು ಕೆಲಸ ಮಾಡೀತು, ಜೊತೆಗೆ ಪೊಟ್ಯಾಷ್. ಮಳೆಗೆ ಬಿಟ್ಟರೆ ಪೊಟ್ಯಾಷ್ ಹರಿದುಹೋಗುತ್ತದೆ, ಸೂರಿನಡಿ ಇಡಿ. ಹಸಿ ಸಗಣಿ ರಾಶಿಗೆ ಸುರಿಯಬೇಡಿ, ಅಲ್ಲಿಯೂ ಅಮೋನಿಯಾ ಏಳುತ್ತದೆ. ಕೃಷಿ ಸುಣ್ಣವೂ ಡೋಲೊಮೈಟೂ ನೆಲದಿಂದ ಅಗೆದ ಕಲ್ಲಿನ ಪುಡಿ. ಸಾವಯವದವರಿಗೆ ಅದರಲ್ಲಿ ಮೈಲಿಗೆ ಇಲ್ಲ.

ಪ್ರಶ್ನೆ: ನಿಮ್ಮ ಲೇಖನ ಓದಿ ಹೊಲಕ್ಕೆ ಸುಣ್ಣ ಹಾಕಬೇಕೆಂದಿದ್ದೇನೆ. ಎರೆ ಭೂಮಿ, ಹತ್ತಿ ಬೆಳೆ.
— ರಾಯಚೂರಿನ ಓದುಗರು

ಉತ್ತರ: ದಯವಿಟ್ಟು ಬೇಡ. ನಿಮ್ಮ ಎರೆ ಅಗೆದರೆ ಬಿಳಿ ಸುಣ್ಣದ ಹರಳು ಸಿಗುತ್ತವಲ್ಲ, ದೇವರೇ ಹಾಕಿ ಕಳಿಸಿದ್ದಾನೆ.

ಪ್ರಶ್ನೆ: ಊರಿಗೆಲ್ಲ ಹೇಳುತ್ತೀರಿ. ನಿಮ್ಮ ತೋಟದ ರಸಸಾರ ಎಷ್ಟು ಸ್ವಾಮಿ?
— ಹೆಸರು, ಊರು ಬರೆಯದ ಓದುಗರು

ಉತ್ತರ: ಕಳೆದ ನವೆಂಬರಿನಲ್ಲಿ ಕೆಳಗಿನ ತೋಟ 5.6, ಮೇಲಿನದು 5.1. ಮೇಲಿನದಕ್ಕೆ ಸುಣ್ಣ ಹೊರುವ ಆಳು ಎರಡು ವರ್ಷದಿಂದ ಸಿಕ್ಕಿಲ್ಲ, ನನ್ನ ಮೊಣಕಾಲು ಒಪ್ಪುವುದಿಲ್ಲ. ಅಡಿಕೆ ಒಲೆಯ ಹಿಂದೆ, ನಲವತ್ತು ವರ್ಷ ಬೂದಿ ಸುರಿದ ಜಾಗದಲ್ಲಿ 7.8. ಅಲ್ಲಿ ನಾನು ನೆಟ್ಟ ನಾಲ್ಕು ಅನಾನಸ್ ಬಿಳಿಚಿಕೊಂಡು ಕೂತಿದ್ದವು. ಹೆಂಡತಿ ಅವನ್ನು ಕಿತ್ತೆಸೆದು ಬಸಳೆ ಹಬ್ಬಿಸಿದ್ದಾಳೆ, ಚೆನ್ನಾಗಿ ಬಂದಿದೆ.